ಬೇಕರಿಯ ಮೇಲಿನ ಕೋಣೆ

ಅಮ್ಮಾ,

ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಕುಡಿತ ಬಿಡುವವರ ಸಭೆ ಎಲ್ಲಿ ನಡೆಯುತ್ತದೆಂದು ಕೊನೆಗೂ ಗೊತ್ತಾಯಿತು. ಔಷಧಿ ಅಂಗಡಿಯಾಕೆ ಹೇಳಿದಳು: ಬೇಕರಿಯ ಮೇಲಿನ ಕೋಣೆ, ಪ್ರತಿ ಗುರುವಾರ ಸಂಜೆ. ನಿನ್ನೆ ಹೋಗಿದ್ದೆ.

ಮೆಟ್ಟಿಲು ಹತ್ತಿದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗಿದ್ದ ಮುದುಕರೊಬ್ಬರು, ಹಿಂದೆ ಬಸ್ ಡ್ರೈವರ್ ಆಗಿದ್ದವರಂತೆ, ನನ್ನನ್ನು ನೋಡಿ ಬೆಚ್ಚಿಬಿದ್ದರು.

"ನೀನು ಟೈಲರ್ ಮಗಳೇನಮ್ಮಾ? ಅವನೂ ಥೇಟ್ ಹೀಗೇ ಬಾಗಿಲು ಹಿಡ್ಕೊಂಡು ನಿಂತ್ಕೋತಿದ್ದ."

ತೀರಿಕೊಂಡ ವರ್ಷ ಅಪ್ಪ ವಾರವಾರವೂ ಅಲ್ಲಿಗೆ ಬರುತ್ತಿದ್ದರಂತೆ, ಅಮ್ಮಾ. ಎಷ್ಟು ಕರೆದರೂ ಒಳಗೆ ಮಾತ್ರ ಹೋಗುತ್ತಿರಲಿಲ್ಲವಂತೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಟ್ಟಿಲ ಮೇಲೆ ಕೂತು ಎಲ್ಲರ ಮಾತು ಕೇಳಿ, ಸಭೆ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರಂತೆ. ಕುಡಿಯಲು ಹೋಗಿದ್ದಾರೆಂದು ನಾವು ಅಂದುಕೊಂಡಿದ್ದ ಗುರುವಾರಗಳು ಅವು.

ನಾನು ಒಳಗೆ ಹೋಗಿ ಕೂತೆ. ಹೆಸರು ಹೇಳಿದೆ. ಕುಡಿಯುತ್ತೇನೆ ಎಂದೂ ಹೇಳಿದೆ. ಮಾತಾಡುವಷ್ಟು ಹೊತ್ತೂ ಹೊರಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದಂತಾಗುತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬರುವ ಗುರುವಾರ ಮಧ್ಯಾಹ್ನದ ಬಸ್ಸು ಹಿಡಿದು ಬಾ. ಅಣ್ಣನಿಗೆ ಬೇರೇನಾದರೂ ಕಾರಣ ಹೇಳು. ನೀನು ಸಭೆಯಲ್ಲಿ ಕೂರಬೇಕಾಗಿಲ್ಲ. ನಾನು ಒಳಗೆ ಹೋಗುವವರೆಗೆ ನನ್ನ ಹಿಂದೆ ನಿಂತಿದ್ದರೆ ಸಾಕು.

ನಿನ್ನ ಮಗಳು