ಕ್ಯಾಸೆಟ್ಟಿನಿಂದ ತೆಗೆದ ದನಿ

ಜನವರಿ ೯, ೨೦೦೭. ಮಂಗಳವಾರ

ಹನ್ನೊಂದು ಡಿಗ್ರಿ, ಫ್ಯಾರನ್‌ಹೀಟ್. ಗುಳಿಗೆ ನುಂಗಿ, ಕಾರಿನ ಮೇಲಿನ ಹಿಮ ಕೆರೆದು, ದಿನದ ಹಾಗೆ ಒಳಗೆ ಕೂತು ಹೆಂಡತಿ ಶರ್ಫುವಿನ ಕ್ಯಾಸೆಟ್ ಹಾಕಿದೆ. ಕರ್ ಕರ್ ಎಂದಿತು. ಎಜೆಕ್ಟ್ ಒತ್ತಿದರೆ ಕರುಳು ಎಳೆದ ಹಾಗೆ ಟೇಪು ಹೊರಗೆ ಬಂತು. ತುಂಡು.

ಅಸಲಿಗೆ ಅದು ಕುರಾನ್ ಪಠಣದ ಕ್ಯಾಸೆಟ್. ಪಠಣ ಮಾಡುವ ಈಜಿಪ್ಟಿನ ಯಾರೋ ಕಾರಿ ಸಾಹೇಬರದು, ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ಅಂಗಡಿಯವನು ಕಾಪಿ ಹೊಡೆದು ಮಾರಿದ್ದು. ಶರ್ಫು ಅಡುಗೆಮನೆಯಲ್ಲಿ ಪ್ಲೇ ಒತ್ತುವಾಗ ರೆಕಾರ್ಡಿನ ಕೆಂಪು ಗುಂಡಿಯನ್ನೂ ಒತ್ತಿಬಿಟ್ಟಳು. ಪಠಣ ಅಳಿಸಿಹೋಗಿ ಕಾಲು ಗಂಟೆಯ ಅಡುಗೆಮನೆ ಕೂತಿತು. ತೌಬಾ ತೌಬಾ ಎಂದು ವಾರವಿಡೀ ಅತ್ತಳು. ಕುಕ್ಕರ್, ನಲ್ಲಿ, ಬಳೆ... ನಡುವೆ ಅವಳು. ಮನೆಯಲ್ಲಿ ಉರ್ದು, ಸಿಟ್ಟು ಬಂದರೆ ಕನ್ನಡ — "ರೀ, ಹಾಲು ಉಕ್ಕಾಕತ್ತೈತಿ! ಪೇಪರ್ ಎಲ್ಲಿ ಓಡಿ ಹೊಕ್ಕೈತಿ?"

ಫೋಟೋ ಪೆಟ್ಟಿಗೆಗಟ್ಟಲೆ ಇವೆ. ದನಿ ಇದೊಂದೇ. ಹೋದ ಜೂನಿನಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಇದೊಂದೇ.

ಜನವರಿ ೧೪

ಮಗಳು ಇರಮ್ ಯಾರನ್ನೋ ಹುಡುಕಿದ್ದಾಳೆ. ಕೈರೋದ ಹೆಂಗಸು, ವರ್ಷದ ಮಟ್ಟಿಗೆ ಡೆಟ್ರಾಯಿಟಿಗೆ ಬಂದವಳು. ಸೌಂಡ್ ಆರ್ಟಿಸ್ಟ್ ಅಂತೆ. ಹಾಡುವುದಿಲ್ಲ, ಬಾರಿಸುವುದಿಲ್ಲ, ಸದ್ದು ಕೂಡಿಡುತ್ತಾಳೆ. ಈಜಿಪ್ಟಿನ ಕ್ಯಾಸೆಟ್ಟುಗಳು ಪರದೇಶದ ಮನೆಗಳಲ್ಲಿ ಏನಾದವು ಎಂದು ಹುಡುಕುವುದೇ ಕೆಲಸ. ಇಂಥದ್ದಕ್ಕೂ ಯಾರೋ ಊಟ ಹಾಕುತ್ತಾರೆ.

"ಶಿ ಕ್ಯಾನ್ ಫಿಕ್ಸ್ ಇಟ್, ಅಬ್ಬಾ. ಆದ್ರೆ ಪ್ಲೀಸ್, ನೀವು ಅಲ್ಲಿ ಇಂಗ್ಲಿಷ್ ಲೆಕ್ಚರ್ ಕೊಡಬೇಡಿ."

ಗದಗಿನಲ್ಲಿ ಬಿ.ಎ. ಮಾಡಿದವನು ನಾನು.

ಜನವರಿ ೨೦, ಶನಿವಾರ

ಹೋಗಿ ಬಂದೆವು. ಹೆಸರು ನಗ್ವಾ. ನಗುವುದಿಲ್ಲ. ನನ್ನನ್ನು "ಅಮ್ಮೋ" ಎನ್ನುತ್ತಾಳೆ. ಅವರಲ್ಲಿ ಚಿಕ್ಕಪ್ಪ ಎಂದಂತೆ; ನನಗೋ ಯಾರೋ ಹೊಟ್ಟೆನೋವಿಗೆ ಕೂಗಿದಂತೆ. ಗೋಡೆ ತುಂಬ ಕ್ಯಾಸೆಟ್. ಒಂದನ್ನು ಹಾಕಿದಳು — ಟಣ್ ಟಣ್ ಟಣ್. ಕೈರೋದಲ್ಲಿ ಗ್ಯಾಸ್ ಮಾರುವವನು ಸಿಲಿಂಡರಿಗೆ ಬಡಿಯುವ ಸದ್ದು. ಇದಕ್ಕೂ ಆರ್ಕೈವ್! ನಗು ಬಂತು. "ಈ ಗಲ್ಲಿ ಕೆಡವಿದರು ಅಮ್ಮೋ. ಉಳಿದಿರುವುದು ಇಷ್ಟೇ," ಎಂದಳು. ಇನ್ನೊಮ್ಮೆ ಹಾಕಿಸಿ ಕೇಳಿದೆ.

ನಮ್ಮ ಟೇಪು ಅಂಟಿಸುತ್ತೇನೆಂದು ತೆಗೆದುಕೊಂಡು, ಅದರಲ್ಲಿನ ಅಡುಗೆಮನೆಯ ಸದ್ದು ತನ್ನ ಪ್ರದರ್ಶನಕ್ಕೆ ಬೇಕೆಂದು ಕೇಳಿದಳು. ಇರಮ್ ಹೊರಗೆ ಫೋನಿನಲ್ಲಿದ್ದಳು. ನಾನೇ ಹೇಳಿದೆ, "ಕಿಚನ್ ಯು ಟೇಕ್, ಮೇಡಮ್. ಬಟ್ ಕೈಂಡ್ಲಿ ರಿಮೂವ್ ಮೈ ವೈಫ್ಸ್ ವಾಯ್ಸ್. ಫುಲ್ಲಿ ರಿಮೂವ್." ಶರ್ಫುವಿನ ದನಿಯೊಂದನ್ನೇ ತೆಗೆದು ಸೀಡಿಗೆ ಹಾಕಿ ಕೊಟ್ಟರೆ ಮತ್ತೇನು ಬೇಕು.

ನಗ್ವಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ಕಣ್ಣು ತುಂಬಿತ್ತು. ಒಂದು ಮಾತೂ ಬಿಡದೆ ತೆಗೆಯುತ್ತೇನೆ, ಪ್ರಾಮಿಸ್ ಎಂದಳು. ಒಳ್ಳೆಯವಳು. ಸುಮ್ಮನೆ ಏನೇನೋ ಅಂದುಕೊಂಡಿದ್ದೆ.

ಮಾರ್ಚ್ ೧೭. ಸಂಜೆ

ನಗ್ವಾಳ ಪ್ರದರ್ಶನಕ್ಕೆ, ಸೀಡಿ ಇವತ್ತೇ ಸಿಗುತ್ತದೆಂದು ಹೋದೆ. ಕತ್ತಲ ಹಾಲ್. ಸುತ್ತ ಹಳೇ ಕಾಲದ ಲೌಡ್‌ಸ್ಪೀಕರ್ ತುತ್ತೂರಿಗಳು. ಕುಕ್ಕರ್ ಕೂಗಿತು. ನಲ್ಲಿ ಸುರಿಯಿತು, ನಿಂತಿತು. ಬಳೆ. ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಈಗ ಬೈಯುತ್ತಾಳೆ... ಕಾದೆ.

ಏನೂ ಇಲ್ಲ. ಮತ್ತೆ ಕುಕ್ಕರ್. ಅವಳಿರಬೇಕಾದಲ್ಲೆಲ್ಲ ತೂತು.

ಪಕ್ಕದ ಬಿಳಿಯ ಹೆಂಗಸು ಗಂಡನಿಗೆ ಪಿಸುಗುಟ್ಟಿದಳು, "ದೋಸ್ ಸೈಲೆನ್ಸಸ್! ಬ್ರಿಲಿಯಂಟ್."

ನಗ್ವಾ ಬಂದಳು. "ಮಾತು ಉಳಿಸಿಕೊಂಡೆ ಅಮ್ಮೋ."

"ವೇರ್ ಈಸ್ ಮೈ ವೈಫ್?"

"ರಿಮೂವ್ಡ್. ಆ್ಯಸ್ ಯು ಆಸ್ಕ್ಡ್." ಅಂಟಿಸಿದ ಟೇಪು ಒಂದೇ ಸಲ ಓಡಿತಂತೆ, ಆಮೇಲೆ ಪುಡಿ. ಕಂಪ್ಯೂಟರಿಗೆ ಇಳಿಸಿಕೊಂಡದ್ದರಿಂದ ದನಿಯನ್ನು ಅಳಿಸಿದಳಂತೆ. ಕಾಪಿ ಇಟ್ಟುಕೊಂಡಿಲ್ಲ. ತೀರಿಹೋದ ಹೆಂಗಸಿನ ದನಿಯನ್ನು ಗಂಡ ಬೇಡವೆಂದ ಮೇಲೆ ಇಟ್ಟುಕೊಳ್ಳುವುದು ಕಳ್ಳತನ ಎಂದಳು.

ಅಷ್ಟರಲ್ಲಿ ಕಾರು ನಿಲ್ಲಿಸಿ ಇರಮ್ ಒಳಗೆ ಬಂದಳು. ತುತ್ತೂರಿಗಳ ಸದ್ದನ್ನಷ್ಟೇ ಕೇಳಿಸಿಕೊಂಡಳು. "ಅಬ್ಬಾ... ಅಮ್ಮಿ ಎಲ್ಲಿ?"

ಮಾರ್ಚ್ ೧೮

ಬಾವಿಯಿಂದ ನೀರು ತೆಗೆ. ಕಾಲಿನಿಂದ ಮುಳ್ಳು ತೆಗೆ. ನಮಗೆ ಎರಡೂ ತೆಗೆಯುವುದೇ. ರಿಮೂವ್ ಎಂದರೆ ಮುಳ್ಳಿಗೆ ಮಾತ್ರವಂತೆ. ಗದಗಿನಲ್ಲಿ ಯಾರೂ ಹೇಳಲಿಲ್ಲ.

ಅಲ್ಲಿ ಇಂಗ್ಲಿಷಿನ ದಾನಪ್ಪ ಮೇಷ್ಟ್ರು ಪ್ಯಾಸಿವ್ ವಾಯ್ಸ್ ಚೆನ್ನಾಗಿ ಕಲಿಸಿದ್ದರು. ದಿ ವಾಯ್ಸ್ ವಾಸ್ ರಿಮೂವ್ಡ್. ಯಾರಿಂದ ಎಂದು ಹಾಕದಿದ್ದರೂ ವಾಕ್ಯ ಪೂರ್ತಿ, ಮಾರ್ಕು ಪೂರ್ತಿ. ಇರಮ್‌ಗೆ ಅಷ್ಟೇ ಹೇಳಿದೆ.

ಬ್ರಿಲಿಯಂಟ್ ಅಂತೆ. ಆ ಜನ ಟಿಕೆಟ್ ಕೊಂಡು ನನ್ನ ಗ್ರಾಮರ್ ತಪ್ಪನ್ನು ಕೇಳಿ ಹೋಗುತ್ತಿದ್ದಾರೆ.

ಏಪ್ರಿಲ್ ೨

ಇರಮ್ ದಿನಾ ನಗ್ವಾಳಿಗೆ ಫೋನ್ ಮಾಡಿ ಬೈಯುತ್ತಿದ್ದಾಳೆ. ಇವತ್ತು ರಿಸೀವರ್ ಕುಕ್ಕಿ ಬಂದಳು.

"ಎಷ್ಟು ಧಿಮಾಕು ನೋಡಿ ಅಬ್ಬಾ! ಆಸ್ಕ್ ಯುವರ್ ಫಾದರ್ ಅಂತಾಳೆ!"

ನಗ್ವಾ ಅದಕ್ಕಿಂತ ಹೆಚ್ಚಿಗೆ ಹೇಳಿಲ್ಲ. ಹೇಳಬಹುದಿತ್ತು.

"ಬಿಡವ್ವಾ, ಆ ಈಜಿಪ್ಟ್ ಮಂದೀನ ಹಂಗ," ಎಂದೆ. ಅಂದುಬಿಟ್ಟೆ.

ಏಪ್ರಿಲ್ ೭

ಊಟದ ಹೊತ್ತಿಗೆ ಇರಮ್ ತೀರ್ಮಾನ ಹೇಳಿದಳು. ಅಡುಗೆಮನೆಯ ಸದ್ದೂ ಉಳಿಯಬೇಕಿಲ್ಲ. ಮನೆಯವರು ಹೇಳಿದರೆ ಅದನ್ನೂ ಅಳಿಸುತ್ತೇನೆ ಎಂದಿದ್ದಾಳಂತೆ ನಗ್ವಾ. ಇಲ್ಲದಿದ್ದರೆ ಮುಂದಿನ ವಾರ ಕೈರೋಗೆ ಹೋಗುತ್ತದೆ, ಅಲ್ಲಿ ಆರ್ಕೈವ್‌ನಲ್ಲಿ ಇರುತ್ತದೆ.

"ಅಮ್ಮಿನ ಅಳಿಸಿ ಅಮ್ಮಿ ಪಾತ್ರೆ ಇಟ್ಕೋತಾಳಾ? ನಾಳೆ ಬೆಳಿಗ್ಗೆ ಹೇಳ್ತೀನಿ, ಡಿಲೀಟ್ ಎವ್ರಿಥಿಂಗ್. ಓಕೆ ಅಲ್ವಾ ಅಬ್ಬಾ?"

ರೊಟ್ಟಿ ಮುರಿದೆ. ಓಕೆ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ.

ಏಪ್ರಿಲ್ ೮. ಬೆಳಿಗ್ಗೆ

ಆ ಬಳೆಯ ಸದ್ದು ಶರ್ಫುವಿನದೇ. ಮಾತಿನ ಲೆಕ್ಕಕ್ಕೆ ಬರಲಿಲ್ಲವೆಂದು ಉಳಿದಿದೆ. ಕೈ ತೊಳೆದು ಎರಡು ಸಲ ಕೊಡವಿ ಸೆರಗಿಗೆ ಒರೆಸುವುದು... ಅದು ಇನ್ನಾರಿಗೂ ಬರುವುದಿಲ್ಲ. ಕೈರೋದಲ್ಲಾದರೂ ಇರುತ್ತಿತ್ತು.

ಹೇಳಿದರೆ ಇರಮ್ ಮತ್ತೆ ನನ್ನ ಮುಖ ನೋಡುತ್ತಾಳೋ ಇಲ್ಲವೋ. ತಪ್ಪಿಗಲ್ಲ. ಮೂರು ವಾರ ಬಾಯಿ ಮುಚ್ಚಿಕೊಂಡು ಬೈಯಲು ಬಿಟ್ಟದ್ದಕ್ಕೆ.

ಕೆಳಗೆ ಸ್ಪೀಕರ್ ಫೋನ್. ರಿಂಗ್ ಆಗುತ್ತಿದೆ. ಕೂತಲ್ಲಿಂದಲೇ ಕೂಗಿದೆ, ಇರಮ್, ತಡಿ.

"ಒನ್ ಮಿನಿಟ್, ಅಬ್ಬಾ!"

ಒಂದು ಮಿನಿಟ್ ಎಲ್ಲಿದೆ. ನಗ್ವಾ ಹಲೋ ಎಂದಳು. ಈಗಲೇ ಇಳಿದು, ರಿಮೂವ್ ಎಂದದ್ದು ನಾನೇ ಎಂದು