ಬೋಳಾದ ನಿತ್ಯಪುಷ್ಪ

ಕೊಟ್ಟೂರು, ೧೯ ಮಾರ್ಚ್ ೨೦೨೫

ತಪ್ಪು ನಡೆದದ್ದು ಮಾರ್ಚ್ ೯ರ ಭಾನುವಾರ, ಹಡಗಲಿಯ ಕಲ್ಯಾಣ ಮಂಟಪದಲ್ಲಿ. ಬೆಂಗಳೂರಿನಿಂದ ಬಂದ ವಿಜ್ಞಾನಿ ನಿತ್ಯಪುಷ್ಪದ ಎಲೆ ಎತ್ತಿ ಹಿಡಿದರು. “ಕ್ಯಾನ್ಸರ್ ಔಷಧಿ ನಿಮ್ಮ ಹಿತ್ತಲಲ್ಲೇ ಇದೆ.” ಚಪ್ಪಾಳೆ. ಅವರು ಎಲೆಯೊಳಗಿನ ರಾಸಾಯನಿಕ ಬೇರ್ಪಡಿಸಿ, ಅದರ ರಚನೆ ಬದಲಿಸಿ, ವಿಷ ತಗ್ಗಿಸಲು ಲ್ಯಾಬಿನಲ್ಲಿ ವರ್ಷಗಟ್ಟಲೆ ಹೆಣಗುತ್ತಿದ್ದಾರೆ. ಓದಿದ್ದೇನೆ. ಒಳ್ಳೆಯ ಕೆಲಸ. ಆ ಮಾತು ಮಾತ್ರ ವೇದಿಕೆ ಮೇಲೆ ಬರಲಿಲ್ಲ. ಎದ್ದು ಕೇಳಿದೆ. ಟೈಮಾಯ್ತು ಎಂದು ಮೈಕ್ ಕಸಿದರು.

೧೯೮೭ರಲ್ಲೂ ಹೀಗೇ ಒಬ್ಬರು ಬಂದು ಎಕ್ಕದ ಹಾಲು ಹೊಗಳಿ ಹೋದರು. ಅದನ್ನು ಹಚ್ಚಿಕೊಂಡು ನಮ್ಮೂರಿನ ಪಾಲಣ್ಣನ ಕಣ್ಣು ಹೋಯಿತು. ಊರು ಮರೆತಿದೆ.

ಅಕ್ಕ ನಾಗಲಿಂಗಮ್ಮ ಅವತ್ತು ನನ್ನ ಪಕ್ಕದಲ್ಲೇ ಕೂತಿದ್ದಳು. ನಾಡಿದ್ದು ಶುಕ್ರವಾರ ಅವಳಿಗೆ ಮೂರನೇ ಕೀಮೋ, ದಾವಣಗೆರೆಯಲ್ಲಿ.

೨೧ ಮಾರ್ಚ್

ಕೀಮೋ ಆಗಲಿಲ್ಲ. ಬಿಳಿ ರಕ್ತಕಣ ತೀರಾ ಇಳಿದಿವೆಯಂತೆ. ಬೇರೆ ಔಷಧಿ ಏನಾದರೂ ತಗೊಳ್ತೀರಾ ಎಂದರು ಡಾಕ್ಟರ್. ಅಕ್ಕ ನೆಲ ನೋಡಿದಳು. ಇಲ್ಲ ಎಂದಳು.

ಬಂದವನೇ ಹಿತ್ತಲಿಗೆ ಹೋದೆ. ನಿತ್ಯಪುಷ್ಪದಲ್ಲಿ ಹೂ ಇದ್ದವು. ಎಲೆ ಒಂದೂ ಇಲ್ಲ.

“ನನಗ್ಯಾಕ ಹೇಳ್ಲಿಲ್ಲ, ಅಕ್ಕಾ?”

“ಗಿಡದ ಔಸ್ದ ಬಾಯಿಬಿಟ್ರ ಫಲಿಸ್ತೈತೇನೋ? ಅಷ್ಟು ಪುಸ್ತಕ ಓದಿ ಅವ್ವ ಹೇಳಿದ್ದೊಂದು ಮರ್ತಿ.” ನಕ್ಕಳು. “ಈಗ ಕೆಡಿಸಿದಿ ನೋಡು.”

೨೪ ಮಾರ್ಚ್, ಬೆಳಿಗ್ಗೆ ೬

ಜ್ವರ. ೧೦೩. ಆಂಬುಲೆನ್ಸ್ ಕೂಡ್ಲಿಗಿ ಬಿಟ್ಟಿದೆಯಂತೆ. ಫೈಲು, ಶಾಲು, ಅವಳ ಕನ್ನಡಕ...

೧೪ ಏಪ್ರಿಲ್

ಪೇಪರ್ ಜೋರಾಗಿ ಓದುವ ಅಭ್ಯಾಸ ಹೋಗಿಲ್ಲ. ಅಡುಗೆ ಮನೆಯಿಂದ “ಮುಂದ ಓದು” ಅನ್ನುವವರಿಲ್ಲ. ಅರ್ಧಕ್ಕೆ ಮಡಿಸಿಟ್ಟೆ.

ಸಾವಿಗೆ ಕಾರಣ ಸೋಂಕು ಎಂದು ಬರೆದುಕೊಟ್ಟಿದ್ದಾರೆ. ರಕ್ತಕಣ ಇಳಿದದ್ದು ಎಲೆಯಿಂದಲೋ ಕೀಮೋದಿಂದಲೋ — ಖಚಿತ ಹೇಳಲಾರೆವು ಎಂದರು. ಸರಿ. ಅದು ಪ್ರಾಮಾಣಿಕ ಮಾತು.

೧೭ ಏಪ್ರಿಲ್

ಮೂರನೇ ಮನೆಯ ಹುಲುಗಮ್ಮ. ಗಂಟಲಲ್ಲಿ ಗಡ್ಡೆ. ಅವಳ ಕುಂಡದ ಗಿಡವೂ ಬೋಳು. ಕೇಳಿದರೆ, ಆಡು ತಿಂದಾವ್ರಿ ಎಂದಳು. ಕುಂಡ ಇರುವುದು ಮಾಳಿಗೆ ಮೇಲೆ.

ಅಕ್ಕನ ವಿಷಯ ಪೂರಾ ಹೇಳಿದೆ. ಕೇಳಿಸಿಕೊಂಡಳು. ತಲೆ ಮೇಲೆ ಸೆರಗೆಳೆದುಕೊಂಡು, ಮೆಲ್ಲಗೆ —

“ನಾಗಲಿಂಗಮ್ಮಾರು ಬಾಯಿಬಿಟ್ರಲ್ರಿ. ಅದಕ್ಕ ಹೋದ್ರು.”

೧೯ ಏಪ್ರಿಲ್

ನಾಳೆ ಕೂಡ್ಲಿಗಿಯಲ್ಲಿ ಅದೇ ವಿಜ್ಞಾನಿಗೆ ಸನ್ಮಾನ. ಹುಲುಗಮ್ಮ ಹೊರಟಿದ್ದಾಳೆ. ನಾನೂ ಹೋಗುತ್ತೇನೆ. ಮೈಕ್ ಕೊಡದಿದ್ದರೆ ನಿಂತಲ್ಲಿಂದಲೇ ಕೂಗುತ್ತೇನೆ. ನನಗೆ ಅವರ ಕ್ಷಮೆ ಬೇಡ. ಅದೇ ಎಲೆ ಕೈಯಲ್ಲಿ ಹಿಡಿದು, ಎಲ್ಲರ ಮುಂದೆ, ಅವರ ಬಾಯಿಂದಲೇ ಬರಬೇಕು — ಹಸಿ ಎಲೆ ಔಷಧಿಯಲ್ಲ, ಹುಲುಗಮ್ಮ, ಅದನ್ನು ತಿನ್ನಬೇಡ.