ಹಳ್ಳದ ಕಡೆಯ ಮೂಲೆ

ಡಿಸೆಂಬರ್ 8, ಸೋಮವಾರ. ಮುಂಜಾನೆ

ಇಂದು ಒಪ್ಪತ್ತು. ಅಂಗಳ ಸಾರಿಸಿದೆ. ಎಮ್ಮೆ ಹಿಂಡಿದೆ, ಕರುವಿಗೆ ಸ್ವಲ್ಪ ಹೆಚ್ಚೇ ಬಿಟ್ಟೆ — ಇವರು ನೋಡಲಿಲ್ಲ. ಬೀರಪ್ಪನ ಮುಂದೆ ದೀಪ ಹಚ್ಚಿ ಚಾ ಕುಡಿದೆ. ಒಪ್ಪತ್ತಿಗೆ ಚಾ ನಡೆಯುತ್ತದೆ.

ಪಲ್ಲವಿ ಬರುವ ದಿನ. ಜೇವರ್ಗಿಯ ಸ್ಪೇಸ್ ಆಫೀಸಿನವಳು. ನನ್ನ ಮಗಳು ನಾಗರತ್ನಾಳ ಮಾತು ಆಕಾಶದಿಂದ ಮೊದಲು ಅಲ್ಲಿಗೆ ಬರುತ್ತದೆ, ಆಮೇಲೆ ಪಲ್ಲವಿಯ ಮಷೀನಿನಲ್ಲಿ ನಮ್ಮೂರು ಸರಸಂಬಾಕ್ಕೆ. ನಕ್ಷತ್ರದ ಕಡೆ ಹೊರಟ ಹಡಗು. ಅದರಲ್ಲಿ ಎಂಟು ಜನ. ಅವರಿಗೆ ಕಾಯಿಪಲ್ಯ ಬೆಳೆದುಕೊಡುವುದು ನನ್ನ ಮಗಳ ಕೆಲಸ. ಮೆಂತ್ಯೆ ಎದ್ದಿತೋ ಇಲ್ಲವೋ ಕೇಳಬೇಕು.

ಅದೇ ದಿನ, ಮಧ್ಯಾಹ್ನ

ಪಲ್ಲವಿ ಬಂದು ಮಷೀನು ಹಚ್ಚಿದಳು. ಮೆಂತ್ಯೆಯ ಮಾತೇ ಬರಲಿಲ್ಲ.

ಹಡಗಿನ ಹಿಂದೆ ಏನೋ ಬರುತ್ತಿದೆಯಂತೆ. ಹಡಗು ತಿರುಗಿದರೆ ಅದೂ ತಿರುಗುತ್ತದೆ. ನಿಂತರೆ ನಿಲ್ಲುತ್ತದೆ. ಮನುಷ್ಯರು ಮಾಡಿದ್ದಲ್ಲ. ಎಷ್ಟು ಕರೆದರೂ ಓ ಅನ್ನುವುದಿಲ್ಲ. ಇನ್ನೂ ಹತ್ತಿರ ಬಂದರೆ ಸುಟ್ಟುಬಿಡೋಣ ಅಂತ ಕ್ಯಾಪ್ಟನ್. ಹೋಗಿ ನೋಡದೆ ಸುಡಬಾರದು ಅಂತ ನಾಗರತ್ನಾ. ಹೋಗುವವರು ಯಾರು ಅಂದಾಗ ಯಾರೂ ಮುಂದೆ ಬರಲಿಲ್ಲವಂತೆ.

"ನಾನೇ ಹೋಗ್ತೇನಿ ಅಂದೇನಿ ಯವ್ವಾ. ಸಣ್ಣ ಹಡಗದಾಗ, ಒಬ್ಬಾಕಿನೇ. ಹತಿಯಾರ ಒಯ್ಯಂಗಿಲ್ಲ. ಮನ್ಯಾಗಿನವ್ರು ಹೂಂ ಅನ್ನಬೇಕಂತ ಇಲ್ಲಿ ಕಾಯ್ದೆ ಅದ. ಅಪ್ಪ ನಿನ್ನ ಮ್ಯಾಲ ಹಾಕ್ತಾನ, ಗೊತ್ತದ ನನಗ. ನೀ ಹೂಂ ಅನ್ನು."

ಇವರ ಮುಖ ನೋಡಿದೆ. ಇವರು ಎಮ್ಮೆಯ ಕಡೆ ನೋಡಿದರು.

"ಈಗೇ ಹೇಳಬೇಕಂತಿಲ್ರಿ ಕಾಕೂ," ಅಂದಳು ಪಲ್ಲವಿ. "ಅಮಾಸಿ ದಿನ ಸಂಜೀತನಕ ಟೈಮ್ ಅದ. ಅವತ್ತು ನಾ ಇಲ್ಲೇ ಆಳಂದದಾಗ ನಮ್ಮ ಮನ್ಯಾಗೇ ಇರ್ತೇನಿ, ಫೋನ್ ಮಾಡಿದ್ರ ಬರ್ತೇನಿ."

"ಟೈಮ್ ಯಾಕ ಬೇಕು? ಒಲ್ಲೆ. ಒಲ್ಲೆ ಅಂತ ಬರಕೋ," ಅಂದೆ.

ಬರೆದುಕೊಂಡರೆ ನಡೆಯದಂತೆ. ನನ್ನ ದನಿಯೇ ಬೇಕಂತೆ. ಮಷೀನು ಬಾಯಿಯ ಮುಂದೆ ಹಿಡಿದಳು. ದನಿ ಹೊರಡಲಿಲ್ಲ. ಹಾಗೇ ಹೋದಳು.

ಡಿಸೆಂಬರ್ 9

ದೇವರ ಮುಂದೆ ಕೂತೆ. ಮಗಳನ್ನು ಉಳಿಸು ಅಂದೆ. ಅಂದ ಮೇಲೆ ನನಗೇ ನಾಚಿಕೆ... ನಾನು ಒಲ್ಲೆ ಅಂದರೆ ಉಳಿಯುತ್ತಾಳೆ. ಅದಕ್ಕೆ ದೇವರು ಯಾಕೆ?

ಆದರೆ ಆಗ ಹಡಗಿನ ಹಿಂದೆ ಬರುವುದನ್ನು ಸುಡುತ್ತಾರೆ. ಒಳಗೆ ಯಾರಿದ್ದಾರೋ. ಅವರಿಗೂ ಅವ್ವ — ಇರಲಿ. ಈಗ ಬರೆಯುವುದು ಬೇಡ.

ಡಿಸೆಂಬರ್ 18, ಗುರುವಾರ

ನಾಳೆ ಎಳ್ಳಮಾಸಿ, ಹೊಲ ಪೂಜಿಸುವ ಅಮಾಸಿ. ಪಲ್ಲವಿ ಹೇಳಿದ ದಿನವೂ ಅದೇ. ಸಜ್ಜಿ ರೊಟ್ಟಿ ತಟ್ಟಿದೆ. ಕಡಬು ನಾಳೆ ಮುಂಜಾನೆ. ಕಾಳು, ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿಗೆ ತೊಗರಿಕಾಯಿ ಬಿಡಿಸಲು ಪಕ್ಕದ ಹೊಲದ ಮರೆಮ್ಮ ಬಂದಳು.

"ಹುಡುಗಿಗಿ ಏನಂದಿ?"

"ಒಲ್ಲೆ ಅಂತೇನಿ."

"ಅಂದೀಯೋ, ಅನ್ನಾಕತ್ತೀಯೋ?"

"ದನಿ ಬರವಲ್ದು."

"ನಿನಗ? ನೀ ಇಲ್ಲಿ ಒದರಿದ್ರ ಆ ಹಿರೋಳ್ಳಿ ಊರಾಗಿನ ಎತ್ತು ನಿಂದ್ರತಾವ!"

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತೋ.

ಡಿಸೆಂಬರ್ 19, ಎಳ್ಳಮಾಸಿ. ಮಧ್ಯಾಹ್ನ, ಹೊಲದಲ್ಲಿ

ಐದು ಕಲ್ಲಿಟ್ಟು ಪೂಜೆ ಆಯಿತು. ಆಮೇಲೆ ಚರಗ. ಭಜ್ಜಿ, ಕಡಬು, ಅಂಬಲಿ ಕಲಸಿ ಹೊಲದ ಸುತ್ತ ಚೆಲ್ಲುವುದು. ಹೊಲದಲ್ಲಿ ಇರುವವಕ್ಕೆಲ್ಲ — ಕಂಡದ್ದಕ್ಕೂ ಕಾಣದ್ದಕ್ಕೂ. ಅವುಗಳ ತುತ್ತು ಮೊದಲು, ಆಮೇಲೆ ನಮ್ಮದು.

ಹಳ್ಳದ ಕಡೆಯ ಮೂಲೆಗೆ ನಾನು ಹೋದವಳಲ್ಲ. ಮುಳ್ಳಕಂಟಿ, ಹಾವಿನ ಹುತ್ತ. ಅಲ್ಲಿಗೆ ಯಾವಾಗಲೂ ನಾಗರತ್ನಾ. ಅವಳು ಹೋದ ಮೇಲೆ ಇವರು. ಈ ವರ್ಷ ಇವರ ಮೊಣಕಾಲು ಬಗ್ಗುತ್ತಿಲ್ಲ. ನಾನೇ ಹೋದೆ. ಜೋಳದ ಸಾಲಿನಲ್ಲೇ ನಿಂತು, ದೂರದಿಂದ ಒಂದು ಹಿಡಿ ಬೀಸಿ ಒಗೆದೆ.

ಆಚೆ ಬದುವಿನಿಂದ ಮರೆಮ್ಮ — "ಏ ಸಾಬಮ್ಮಾ! ಚರಗ ಚಲ್ಲಾಕತ್ತೀಯೋ, ನಾಯಿಗಿ ಕಲ್ಲ ಒಗ್ಯಾಕತ್ತೀಯೋ ಬೇ?"

"ಹಾವ ಅದ ಅಲ್ಲಿ!"

"ಹಾವಿಗೇ ಅಲ್ಲೇನ ಚಲ್ಲೂದು?"

ಬುಟ್ಟಿ ಎತ್ತಿಕೊಂಡು ನಡೆದೆ. ಹುತ್ತದ ಹತ್ತಿರ ಬಗ್ಗಿ, ಒಗೆಯದೆ, ಇಟ್ಟೆ. ಕಂಟಿಯೊಳಗೆ ಸರಕ್ ಅಂತು. ಹಾವೋ, ಓತಿಕ್ಯಾತವೋ. ಚರಗ ಇಟ್ಟ ಮೇಲೆ ತಿರುಗಿ ನೋಡುವಂತಿಲ್ಲ. ನೋಡಲಿಲ್ಲ.

ಬರುವಾಗ ನೆನಪಾಯಿತು. ನಾಗರತ್ನಾ ಸಣ್ಣವಳಿದ್ದಾಗ ಮೊದಲ ಸಲ ಈ ಮೂಲೆಗೆ ಹೊರಟು, ಅಂಜಿ ನಿಂತಿದ್ದಳು. "ಅಂಜಬ್ಯಾಡ, ಅವು ನಮಗಿಂತ ಮೊದಲೇ ಇಲ್ಲಿ ಇದ್ದವು" ಅಂದಿದ್ದೆ. ಒಂದು ಕಡಬು ಕೈಗಿಟ್ಟು ಕಳಿಸಿದ್ದೆ. ಕುಣಿಯುತ್ತ ಹೋಗಿದ್ದಳು.

ಆವತ್ತೇ ಹೂಂ ಅಂದಿದ್ದೆನಲ್ಲ.

ಅದೇ ದಿನ, ಹೊತ್ತು ಇಳಿಯುವಾಗ

ಮನೆಗೆ ಬಂದೆವು. ಕೈ ತೊಳೆದರೂ ಭಜ್ಜಿಯ ವಾಸನೆ ಹೋಗಿಲ್ಲ. ಬೀರಪ್ಪನಿಗೆ ಕೈ ಮುಗಿದೆ. ಏನೂ ಬೇಡಲಿಲ್ಲ.

"ಏನಂತೀ?" ಅಂದರು ಇವರು. ಇಷ್ಟು ದಿನದಲ್ಲಿ ಮೊದಲ ಸಲ ಕೇಳಿದ್ದು.

"ಹೋಗು ಅಂತೇನಿ. ಬರಿಗೈಲೆ ಹೋಗಬ್ಯಾಡ ಅಂತೇನಿ. ಮೆಂತ್ಯೆ ಎದ್ದಿದ್ರ ಒಂದು ಹಿಡಿ ಒಯ್ಯಿ. ದೂರ ನಿಂತು ಒಗೀಬ್ಯಾಡ, ಬಗ್ಗಿ ಇಡು..."

ಇವರು ಟವಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಈಗ ಫೋನು ಹುಡುಕುತ್ತಿದ್ದಾರೆ. ದಿಂಬಿನ ಕೆಳಗೇ ಇದೆ, ಕಾಣುತ್ತಿಲ್ಲ.

"ಪಲ್ಲವಿಗಿ ಜಲ್ದಿ ಬಾ ಅನ್ರಿ. ಮಷೀನ ತಂದು ನನ್ನ ಜವಾಬ ಒಯ್ಯಿ ಅನ್ರಿ. ಹೊತ್ತ ಮುಳುಗೂದ್ರಾಗ ಬರ್ಲಿ, ಈ ದನಿ ಮತ್ತ ನಿಲ್ಲೂದ್ರಾಗ ಬರ್ಲಿ."